ರಫ್ತಿನ ಬೀಗ: 40 ಬಿಟ್ ಕತೆ

ಇವತ್ತಿನ ವಿಷಯ ನನಗೆ ಸಿಕ್ಕಿದ್ದು ಪುಣೆಯ ಆಫೀಸಿನಲ್ಲಿ, ಒಂದು ಹಳೇ ಸರ್ವರ್‌ನ ಕಾನ್ಫಿಗ್ ಫೈಲಿನೊಳಗೆ. ಎನ್‌ಕ್ರಿಪ್ಶನ್ ವಿಧಾನಗಳ ಉದ್ದ ಪಟ್ಟಿ, ಕೆಲವು ಸಾಲುಗಳ ಶುರುವಿನಲ್ಲಿ ಇ-ಎಕ್ಸ್-ಪಿ ಅಂತ ಮೂರಕ್ಷರ. ಎಕ್ಸ್‌ಪೈರಿ ಇರಬೇಕು ಅಂದುಕೊಂಡೆ. ಎಂಟೆಕ್ ಮಾಡಿದ್ದು ದಂಡ ಅನ್ನಿ, ಅದು ಎಕ್ಸ್‌ಪೋರ್ಟ್. ರಫ್ತು!

1990ರ ದಶಕದಲ್ಲಿ ಅಮೆರಿಕದ ಕಾನೂನು ಪ್ರಬಲ ಎನ್‌ಕ್ರಿಪ್ಶನ್ನನ್ನು ಟ್ಯಾಂಕು, ಕ್ಷಿಪಣಿಗಳ ಜೊತೆ ಒಂದೇ ಪಟ್ಟಿಯಲ್ಲಿ ಇಟ್ಟಿತ್ತು. ಪರವಾನಗಿ ಇಲ್ಲದೆ ದೇಶದ ಹೊರಗೆ ಕಳಿಸೋ ಹಾಗಿಲ್ಲ. ಹಾಗಾಗಿ ನೆಟ್‌ಸ್ಕೇಪ್ ಬ್ರೌಸರ್ ಎರಡು ನಮೂನೆಯಲ್ಲಿ ಬಂತು. ಅಮೆರಿಕನ್ನರಿಗೆ 128 ಬಿಟ್ ಕೀಲಿ, ಹೊರಗಿನವರಿಗೆ 40 ಬಿಟ್. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ನಮ್ಮಲ್ಲಿ ಇಂಟರ್ನೆಟ್ ಶುರು ಮಾಡಿದಾಗ ನಾವೂ ಆ ಹೊರಗಿನವರೇ.

40 ಬಿಟ್ ಅಂದರೆ ಸುಮಾರು 1.1 ಲಕ್ಷ ಕೋಟಿ ಕೀಲಿಗಳು. ಕೇಳೋಕೆ ದೊಡ್ಡದು. ಆದರೆ ಕಂಪ್ಯೂಟರಿಗೆ ಬೇಜಾರಾಗಲ್ಲ, ಒಂದೊಂದಾಗಿ ಹಾಕಿ ನೋಡುತ್ತೆ. ಅದೇ ಆಗಸ್ಟ್‌ನಲ್ಲಿ ಫ್ರಾನ್ಸಿನ ಡೇಮಿಯನ್ ಡೊಲಿಜೆಜ್ ನೂರಕ್ಕೂ ಹೆಚ್ಚು ಕಂಪ್ಯೂಟರ್ ಬಳಸಿ ಎಂಟು ದಿನದಲ್ಲಿ ಇಂಥದ್ದೊಂದನ್ನು ಮುರಿದರು. 1997ರ ಜನವರಿಯಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ ಇನ್ನೊಂದು 40 ಬಿಟ್ ಕೀಲಿಯನ್ನು ಮುರಿಯೋಕೆ ತಗೊಂಡಿದ್ದು ಮೂರೂವರೆ ಗಂಟೆ.

ಈ ನಿಯಮದ ಬಿಸಿ ಹೆಚ್ಚು ತಟ್ಟಿದ್ದು ಫಿಲ್ ಝಿಮ್ಮರ್‌ಮನ್‌ಗೆ. 1991ರಲ್ಲಿ ಅವರು ಬರೆದ ಪಿಜಿಪಿ ಅನ್ನೋ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಗಡಿ ದಾಟಿತು, ಅವರ ಮೇಲೆ ವರ್ಷಗಟ್ಟಲೆ ಕ್ರಿಮಿನಲ್ ತನಿಖೆ ನಡೀತು. ಅವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಫ್ಲಾಪಿಯಲ್ಲಿ ಕೋಡ್ ಕಳಿಸಿದರೆ ಅಪರಾಧ, ಪುಸ್ತಕ ಕಳಿಸಿದರೆ? 1995ರಲ್ಲಿ ಇಡೀ ಸೋರ್ಸ್ ಕೋಡನ್ನು ಎಂಐಟಿ ಪ್ರೆಸ್ ಪುಸ್ತಕವಾಗಿ ಅಚ್ಚು ಹಾಕಿತು. 1996ರ ಜನವರಿಯಲ್ಲಿ ಸರ್ಕಾರ ಮೊಕದ್ದಮೆ ಹೂಡದೆಯೇ ತನಿಖೆ ಮುಗಿಸಿತು. ಮುಂದಿನ ಆವೃತ್ತಿಯ ಸಾವಿರಾರು ಅಚ್ಚಿನ ಪುಟಗಳನ್ನು ಯುರೋಪಿನಲ್ಲಿ ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶ ಮಾಡಿಕೊಂಡರು.

2000ದಲ್ಲಿ ಅಮೆರಿಕ ನಿಯಮ ಸಡಿಲಿಸಿತು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದುರ್ಬಲ ಬೀಗದ ಕೋಡು ಸರ್ವರುಗಳಲ್ಲಿ ಹಾಗೇ ಉಳೀತು. ನಮ್ಮ ಕಸುಬಿನವರಿಗೆ ಗೊತ್ತು, ನಡೀತಿರೋ ಹಳೇ ಸಾಲನ್ನು ಯಾರೂ ಮುಟ್ಟಲ್ಲ. 2015ರ ಮಾರ್ಚ್‌ನಲ್ಲಿ ಫ್ರೀಕ್ ಅನ್ನೋ ದೋಷ ಹೊರಬಂತು. ಸಂಪರ್ಕದ ನಡುವೆ ಕೂತವನು ಸರ್ವರಿಗೆ ರಫ್ತಿನ ಬೀಗ ಕೊಡು ಅಂತಾನೆ, ಸರ್ವರ್ ಕೊಡುತ್ತೆ, ಬ್ರೌಸರ್ ತುಟಿಪಿಟಿಕ್ಕೆನ್ನದೆ ಒಪ್ಪುತ್ತೆ. ಆ 512 ಬಿಟ್ ಆರ್‌ಎಸ್‌ಎ ಕೀಲಿ ಮುರಿಯೋಕೆ ಬಾಡಿಗೆ ಕ್ಲೌಡ್‌ನಲ್ಲಿ ಸುಮಾರು 100 ಡಾಲರ್ ಸಾಕಾಯ್ತು. ಸಂಶೋಧಕರು ತೋರಿಸಿದ ಉದಾಹರಣೆಗಳಲ್ಲಿ ಅಮೆರಿಕದ ಗೂಢಚರ ಸಂಸ್ಥೆ ಎನ್‌ಎಸ್‌ಎಯ ಸ್ವಂತ ವೆಬ್‌ಸೈಟೂ ಇತ್ತು!

ನಮ್ಮ ಕಡೆ ನೋಡಿ. ದೂರಸಂಪರ್ಕ ಇಲಾಖೆಯ ಇಂಟರ್ನೆಟ್ ಪರವಾನಗಿ ಷರತ್ತಿನಲ್ಲಿ, ಅನುಮತಿ ಇಲ್ಲದೆ 40 ಬಿಟ್‌ವರೆಗೆ ಮಾತ್ರ ಅಂತ ಬರೆದಿತ್ತು. ಹೆಚ್ಚು ಬೇಕಾದರೆ ಅನುಮತಿ ತಗೊಂಡು ಕೀಲಿಯನ್ನು ಇಲಾಖೆಗೆ ಒಪ್ಪಿಸಬೇಕು. 2001ರಲ್ಲಿ ರಿಸರ್ವ್ ಬ್ಯಾಂಕು ಇಂಟರ್ನೆಟ್ ಬ್ಯಾಂಕಿಂಗಿಗೆ ಕನಿಷ್ಠ 128 ಬಿಟ್ ಬೇಕು ಅಂತು. ಮುಂಬೈನ ಬ್ಯಾಂಕು ಯಾರ ಮಾತು ಕೇಳಬೇಕು ಹೇಳಿ?

ಫ್ರೀಕ್ ಗಲಾಟೆಯಾದ ವರ್ಷವೇ, ಸೆಪ್ಟೆಂಬರಿನಲ್ಲಿ, ಕೇಂದ್ರದ ಎನ್‌ಕ್ರಿಪ್ಶನ್ ಕರಡು ನೀತಿ ಬಂತು. ಎನ್‌ಕ್ರಿಪ್ಟ್ ಆದ ಸಂದೇಶದ ಮೂಲ ಪಠ್ಯವನ್ನು ಸಾಮಾನ್ಯ ಬಳಕೆದಾರರೂ 90 ದಿನ ಉಳಿಸಿಟ್ಟಿರಬೇಕು ಅಂತ ಅದರಲ್ಲಿತ್ತು. ಊರಲ್ಲಿರೋ ಅಮ್ಮನಿಗೆ ವಾಟ್ಸಾಪಿನಲ್ಲಿ ಊಟ ಆಯ್ತಾ ಅಂತ ಕೇಳಿದ್ದೂ ಲೆಕ್ಕಕ್ಕೆ ಬರ್ತಿತ್ತೇನೋ. ಎಲ್ಲ ಕಡೆಯಿಂದ ಬೈಗುಳ ಬಿದ್ದು, ಸೆಪ್ಟೆಂಬರ್ 22ಕ್ಕೆ ಕರಡನ್ನು ವಾಪಸ್ ತಗೊಂಡರು.

ನಮ್ಮ ಫೈಲಿನ ಆ ಸಾಲುಗಳನ್ನು ನಾನು ಅಳಿಸಿದೆ. ಎರಡೇ ದಿನಕ್ಕೆ ಟಿಕೆಟ್ ಬಂತು: ಯಾರದೋ ಹಳೇ ಮಿಷನ್ನು ಕನೆಕ್ಟ್ ಆಗ್ತಿಲ್ಲ, ಮೊದಲಿನ ಹಾಗೇ ಮಾಡಿಕೊಡಿ ಅಂತ.