ಸಿರೋಸಿಸ್ ಮತ್ತು ಪೂರಕ ಆಹಾರ

ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪಿದವರಿಗೆ ಊಟದ ಜೊತೆಗೆ ಕೊಡುವ ಹೆಚ್ಚುವರಿ ಶಕ್ತಿ, ಪ್ರೋಟೀನ್ ಮತ್ತು ವಿಟಮಿನ್‌ಗಳೇ ಪೂರಕ ಆಹಾರ. ಆರೋಗ್ಯವಂತ ಯಕೃತ್ತು ಹಗಲಿನ ಊಟದ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟು ರಾತ್ರಿಯಿಡೀ ಒದಗಿಸುತ್ತದೆ. ಸಿರೋಸಿಸ್‌ನಲ್ಲಿ ಈ ದಾಸ್ತಾನು ಬೇಗ ಬರಿದಾಗಿ, ದೇಹ ತನ್ನ ಸ್ನಾಯುಗಳನ್ನೇ ಕರಗಿಸತೊಡಗುತ್ತದೆ. ಇವರ ಒಂದು ರಾತ್ರಿಯ ಉಪವಾಸ ಇತರರ ಎರಡು-ಮೂರು ದಿನಗಳ ಉಪವಾಸಕ್ಕೆ ಸಮ. ಹೊಟ್ಟೆಯಲ್ಲಿ ತುಂಬಿದ ನೀರಿನಿಂದಾಗಿ ತೂಕದ ಯಂತ್ರಕ್ಕೆ ಈ ಸವೆತ ತಿಳಿಯದು. ಸೊರಗಿದ ತೋಳು, ಗುಳಿಬಿದ್ದ ಕೆನ್ನೆ ಅದನ್ನು ಹೇಳುತ್ತವೆ.

ರಾತ್ರಿಯ ಉಪವಾಸವೇ ಹೀಗೆ ಸವೆಸುವುದರಿಂದ ಪೂರಕ ಕೊಡುವ ಹೊತ್ತು ಮುಖ್ಯ. 2008ರಲ್ಲಿ ಪ್ರಕಟವಾದ ನ್ಯೂಜಿಲೆಂಡ್‌ನ ಅಧ್ಯಯನವೊಂದರಲ್ಲಿ ಒಂದೇ ಪೂರಕವನ್ನು ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಕೊಡಲಾಯಿತು. ವರ್ಷದ ಕೊನೆಗೆ ದೇಹದ ಪ್ರೋಟೀನ್ ಹೆಚ್ಚಿದ್ದು ರಾತ್ರಿಯ ಗುಂಪಿನಲ್ಲಿ ಮಾತ್ರ. ದುಬಾರಿ ಪೂರಕದ ಡಬ್ಬಿ ಕೊಳ್ಳಲಾಗದ ಮನೆಯಲ್ಲಿ ಮಲಗುವ ಮುನ್ನ ಹಾಲು ಬೆರೆಸಿದ ರಾಗಿ ಗಂಜಿಯೂ ಆದೀತು.

ಪ್ರೋಟೀನ್ ತಿಂದರೆ ಸಿರೋಸಿಸ್ ರೋಗಿಯ ಮಿದುಳು ಮಂಕಾಗುತ್ತದೆಂಬ ಭಯದಿಂದ ಬೇಳೆ, ಮೊಸರು ಬಿಡಿಸುವ ರೂಢಿ ಇನ್ನೂ ಹೋಗಿಲ್ಲ. ಅದು ರೋಗಿಗೆ ಹಾನಿ. ಯುರೋಪಿನ 2019ರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಕಿಲೊ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಅಮೈನೊ ಆಮ್ಲಗಳ ಪುಡಿ ಮಂಕು ತಗ್ಗಿಸಲು ನೆರವಾಗುತ್ತದೆ. ಆದರೆ ಅದು ಆಯುಸ್ಸು ಹೆಚ್ಚಿಸುತ್ತದೆಂದು ಸಾಬೀತಾಗಿಲ್ಲ.

ಪೂರಕವೆಂದು ವೈದ್ಯರನ್ನು ಕೇಳದೆ ಗಿಡಮೂಲಿಕೆ ಸೇವಿಸುವುದು ಅಪಾಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ.