ರಕ್ತದ ಕೊಬ್ಬಿನ ಏರುಪೇರು
ರಕ್ತದಲ್ಲಿ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಅಥವಾ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚುವ, ಇಲ್ಲವೇ ಎಚ್‌ಡಿಎಲ್ ಎಂಬ ‘ಒಳ್ಳೆಯ’ ಕೊಲೆಸ್ಟರಾಲ್ ತಗ್ಗುವ ಸ್ಥಿತಿ. ಸಾಮಾನ್ಯವಾಗಿ ಲಕ್ಷಣಗಳಿರುವುದಿಲ್ಲ, ರಕ್ತಪರೀಕ್ಷೆಯಿಂದಲೇ ಗೊತ್ತಾಗಬೇಕು. ಎಲ್‌ಡಿಎಲ್ ಅಪಧಮನಿಗಳ ಗೋಡೆಯಲ್ಲಿ ಸೇರಿಕೊಂಡು ಹೃದಯಾಘಾತ, ಪಾರ್ಶ್ವವಾಯುಗಳಿಗೆ ದಾರಿಮಾಡುತ್ತದೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿಲಿಗ್ರಾಂ ಮೀರಬಾರದು. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯ.

ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವ ಜೋಡಿ ಸಾಮಾನ್ಯ. ಇದಕ್ಕೆ ಎಣ್ಣೆಯೊಂದನ್ನೇ ದೂರಿದರೆ ಸಾಲದು: ಪಾಲಿಶ್ ಮಾಡಿದ ಅಕ್ಕಿ, ಸಕ್ಕರೆ, ಮದ್ಯಗಳೂ ಯಕೃತ್ತಿನಲ್ಲಿ ಟ್ರೈಗ್ಲಿಸರೈಡ್ ಆಗುತ್ತವೆ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಾದ ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರುಗಳಿಗೆ ಈ ಮಾತು ಮುಖ್ಯ. ತಟ್ಟೆಯಲ್ಲಿ ಅನ್ನ ಇಳಿಸಿ ಜೋಳದ ರೊಟ್ಟಿ, ಕಾಳುಪಲ್ಯ ಏರಿಸುವುದು ಒಳ್ಳೆಯದು; ಸಂಜೆಯ ಮಂಡಕ್ಕಿ-ಮಿರ್ಚಿಗೆ ಮಿತಿಯಿರಲಿ. ಎಣ್ಣೆ ಪ್ಯಾಕೆಟ್ಟಿನ ‘ಕೊಲೆಸ್ಟರಾಲ್ ಇಲ್ಲ’ ಎಂಬ ಬರಹ ಹೆಗ್ಗಳಿಕೆಯೇನಲ್ಲ, ಕೊಲೆಸ್ಟರಾಲ್ ಯಾವ ಸಸ್ಯದೆಣ್ಣೆಯಲ್ಲೂ ಗಣನೀಯವಾಗಿ ಇರುವುದಿಲ್ಲ.

ನಡಿಗೆ, ತೂಕ ಇಳಿಕೆ, ತಂಬಾಕು ತ್ಯಾಗದ ಜೊತೆಗೆ ಅಗತ್ಯವಿದ್ದವರಿಗೆ ಸ್ಟಾಟಿನ್ ಮಾತ್ರೆ ಮುಖ್ಯ ಔಷಧ. ಭಾರತೀಯ ಹೃದ್ರೋಗತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಅಪಾಯ ಹೆಚ್ಚಿರುವವರ ಎಲ್‌ಡಿಎಲ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ, ಅತಿ ಹೆಚ್ಚಿರುವವರದು 55ಕ್ಕಿಂತ ಕೆಳಗಿರಬೇಕು. ವರದಿ ಸರಿಹೋಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಎಲ್‌ಡಿಎಲ್ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ.