ಹಲಗಲಿಯ ಬೇಡರ ಹತಾರ

ಬಾದಾಮಿಯ ಶಾಸನಗಳನ್ನು ಓದಿ ಪ್ರಕಟಿಸಿದ ಡಾಕ್ಟರ್ ಫ್ಲೀಟ್ ಅವರೇ ಹಲಗಲಿಯ ಬೇಡರ ಲಾವಣಿಯನ್ನೂ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚುಹಾಕಿಸಿದರೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಈ ಲಾವಣಿಯನ್ನು ವೀರರಸಕ್ಕೆ ನಿದರ್ಶನವೆಂದು ಪಾಠಹೇಳುವುದುಂಟು. ಆದರೆ ಅದರಲ್ಲಿ ಬರುವ 'ಹತಾರ' ಎಂಬ ಮಾತಿಗೆ ಯುದ್ಧದ ಆಯುಧವೆಂದಷ್ಟೇ ಅರ್ಥಹೇಳಿದರೆ ಸಾಲದೆಂದು ನನ್ನ ಅಭಿಪ್ರಾಯ. ಬಡಿಗನ ಉಳಿ ಬಾಚಿಗಳನ್ನೂ ಹತಾರವೆಂದೇ ಕರೆಯುವುದು ಈ ಸೀಮೆಯ ರೂಢಿ.

ಹಲಗಲಿಯು ಬಾಗಲಕೋಟೆಗೆ ಪಶ್ಚಿಮದಲ್ಲಿ, ಅಂದು ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಗ್ರಾಮ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳಿಂದ ಹುನಗುಂದ, ಇಳಕಲ್ಲುಗಳ ಎರೆಯ ಬಯಲಿನವರೆಗಿನ ಈ ಸೀಮೆಯಲ್ಲಿ ಬೇಟೆಯೂ ಊರಕಾವಲೂ ಬೇಡರಿಗೆ ಪರಂಪರೆಯಿಂದ ಬಂದ ವೃತ್ತಿಗಳು. ಆ ಕಾಲದ ನಾಡಬಂದೂಕಿನ ಮೂತಿಯಿಂದ ಮದ್ದನ್ನು ಸುರಿದು, ಗುಂಡನ್ನು ಗಜದಿಂದ ಜಡಿದು, ಉರಿಯುವ ಬತ್ತಿಯಿಂದ ಹೊತ್ತಿಸಬೇಕಾಗಿದ್ದಿತು. ಮಳೆ ಬಿದ್ದರೆ ಅದು ನಿರುಪಯೋಗಿ. ಹಾಗಿದ್ದರೂ ಬೇಟೆಗಾರನು ಅದನ್ನು ನೆಚ್ಚಿದುದಕ್ಕೆ ಕಾರಣವುಂಟು. ಕೆಟ್ಟರೆ ನಾಡಿನ ಕಮ್ಮಾರನೇ ತಿದ್ದಬಲ್ಲನು. ಪೆಟ್ಲುಪ್ಪು, ಗಂಧಕ, ಇದ್ದಲುಗಳಿಂದ ಮದ್ದು ಇಲ್ಲಿಯೇ ಸಿದ್ಧವಾಗುವುದು. 19ನೆಯ ಶತಮಾನದ ಕೊನೆಯ ವೇಳೆಗೆ ರೂಢಿಗೆ ಬಂದ ಚಿಲಕದ ರೈಫಲು ಗುರಿಯಲ್ಲಿಯೂ ವೇಗದಲ್ಲಿಯೂ ಇದಕ್ಕಿಂತ ಮೇಲಾದುದು ನಿಜ. ಆದರೆ ಅದರ ತೋಟಾ ಕಾರ್ಖಾನೆಯಿಂದಲೇ ಬರಬೇಕು. ಬೇಟೆಗಾರನು ಅಂಗಡಿಗೂ ಪರವಾನಿಗೂ ಅಧೀನನಾಗಬೇಕು. ನಂಬಿಕೆಗೆ ಅರ್ಹವಾದ ಆಯುಧವೆಂದರೆ ತನ್ನ ಕೈಯಲ್ಲಿ ದುರಸ್ತಾಗುವ ಆಯುಧವೆಂಬುದೇ ಹಿಂದಿನವರ ಲೆಕ್ಕ.

ಸರಕಾರವು ಕೈಹಾಕಿದುದು ಈ ಸ್ವಾಧೀನತೆಗೇ. 1857ರ 28ನೆಯ ಆಕ್ಟು ಆಯುಧವಿರಿಸಿಕೊಳ್ಳುವುದನ್ನಲ್ಲದೆ ಆಯುಧ ಮದ್ದುಗುಂಡುಗಳ ತಯಾರಿಕೆ ಮಾರಾಟಗಳನ್ನೂ ಅಂಕೆಗೆ ಒಳಪಡಿಸಿತು. ಜಡಗ, ಬಾಲ, ಹನುಮ, ರಾಮ ಮೊದಲಾದ ಬೇಡರು ಹತಾರಗಳನ್ನು ಒಪ್ಪಿಸಲೊಲ್ಲದೆ ನಿಂತರು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಹಲಗಲಿಯನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಗೆ ಡಿಸೆಂಬರಿನಲ್ಲಿ ಗಲ್ಲಾಯಿತು: 13 ಮಂದಿಗೆ ಮುಧೋಳದಲ್ಲಿ, ಉಳಿದ 6 ಮಂದಿಗೆ ಅವರ ಊರಿನಲ್ಲಿಯೇ.

ಇದರೊಡನೆ ಕೊಡಗಿನ ಸಂಗತಿಯನ್ನು ಹೋಲಿಸಿ ನೋಡಬೇಕು. ಅಲ್ಲಿಯೂ ಬಂದೂಕು ಬೇಟೆಗೂ ಮನೆತನದ ಮರ್ಯಾದೆಗೂ ಸೇರಿದ ವಸ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರ ನಿಷ್ಠೆಯನ್ನು ಮೆಚ್ಚಿ ಅವರಿಗೆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿಯನ್ನು ಕೊಟ್ಟರು. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ವಸ್ತುವು ಒಂದೆಡೆ ದ್ರೋಹದ ಗುರುತಾಯಿತು, ಇನ್ನೊಂದೆಡೆ ನಿಷ್ಠೆಗೆ ಸಂದ ಬಹುಮಾನವಾಯಿತು. ಸರಕಾರವು ಪರೀಕ್ಷಿಸಿದುದು ಬಂದೂಕನ್ನಲ್ಲ, ಅದನ್ನು ಹಿಡಿದವನನ್ನು ಎಂಬುದು ಇದರಿಂದ ಸ್ಪಷ್ಟವಾಗುವುದು.

ಬೇಡರಿಗೂ ಈ ಮಾತು ತಿಳಿದಿದ್ದಿತೆಂದು ಊಹಿಸಬಹುದು. ಹತಾರವನ್ನು ಕೊಡುವುದೆಂದರೆ ಅನ್ನದ ಸಾಧನದೊಡನೆ ನಂಬಿಕೆಗೆ ಪಾತ್ರರೆಂಬ ಹೆಸರನ್ನೂ ಬಿಟ್ಟುಕೊಡುವುದಾಗಿದ್ದಿತು. ಲಾವಣಿಯನ್ನು ಪಾಠಹೇಳುವವರು ಈ ಎರಡು ಅರ್ಥಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ನಿಶ್ಚಿತವಾದ ಸೋಲನ್ನು ಒಂದು ಊರು ಏಕೆ ವರಿಸಿತೆಂಬುದು ಅವರಿಗೆ ತಿಳಿದೀತು.